ಪಡಸಾಲೆಯ ಬಳ್ಳಿಗೂ ಹದ ನೋಡಿ ನೀರು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಮನೆಗಳಿಗೆ ಹೋದಾಗ ಈಚೆಗೆ ಪಡಸಾಲೆಯಲ್ಲಿ ಒಂದು ಕುಂಡ ಕಣ್ಣಿಗೆ ಬೀಳುತ್ತದೆ. ಟಿ.ವಿ. ಪಕ್ಕದಲ್ಲೋ, ಕಿಟಕಿಯ ಕಟ್ಟೆಯ ಮೇಲೋ, ಜಿನೆಯ ಬುಡದಲ್ಲೋ ಹೃದಯದ ಆಕಾರದ ಎಲೆ ಬಿಟ್ಟ ಒಂದು ಹಸಿರು ಬಳ್ಳಿ. ಪೇಟೆಯ ನರ್ಸರಿಯವರು ಅದನ್ನು ಫಿಲೊಡೆಂಡ್ರಾನ್ ಎನ್ನುತ್ತಾರೆ. ನಮ್ಮ ಮಂದಿಗೆ ಹೆಸರಿನ ಗೊಡವೆ ಇಲ್ಲ, ಬಳ್ಳಿಯಾಗಿದ್ದರೆ ಎಲ್ಲವೂ 'ಮನಿ ಪ್ಲಾಂಟ್'. ಮಗಳು ಗಂಡನ ಮನೆಯಿಂದ ತಂದದ್ದು, ಮಗ ಬೆಳಗಾವಿಯಿಂದ ತಂದದ್ದು, ಸಂತೆಯ ಗಾಡಿಯಲ್ಲಿ ಕೊಂಡದ್ದು, ಹೀಗೆ ಒಂದೊಂದು ಮನೆಗೆ ಒಂದೊಂದು ದಾರಿಯಲ್ಲಿ ಬಂದಿರುತ್ತದೆ.

ಬಂದ ಬಳ್ಳಿಯಲ್ಲಿ ಅರ್ಧದಷ್ಟು ವರ್ಷ ತುಂಬುವುದರೊಳಗೆ ತಿಪ್ಪೆ ಸೇರುತ್ತವೆ. ನಾನು ನೋಡಿದ ಮನೆಗಳ ಮಟ್ಟಿಗೆ ಇದು ಸತ್ಯ. ಕೇಳಿದರೆ "ನಮ್ಮ ಕೈಗುಣಾನೇ ಸುಮಾರ ಐತಿ ಬಿಡ್ರಿ" ಎನ್ನುತ್ತಾರೆ. ಕೈಗುಣ ಅಲ್ಲ. ನಾವು ಎಕರೆಗಟ್ಟಲೆ ಹೊಲಕ್ಕೆ ಮಾಡುತ್ತಿರುವುದನ್ನೇ ಈ ಕುಂಡಕ್ಕೂ ಮಾಡುತ್ತಿದ್ದೇವೆ. ಹದ ನೋಡದೆ ನೀರು ಬಿಡುತ್ತಿದ್ದೇವೆ.

"ಕಬ್ಬಿನ ಬಿಲ್ಲಿನ ಚಿಂತಿ ನಮಗ, ಇಂವಾ ಹೂಕುಂಡದ ಮಾತ ತಗದಾನ" ಎಂದು ಕೆಲವರು ನಗಬಹುದು. ನಗಲಿ. ಈ ಕುಂಡ ಶ್ರೀಮಂತರ ಶೋಕಿಯ ವಸ್ತು ಎಂದು ತಳ್ಳಿಹಾಕುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಹೊಲದಲ್ಲಿ ನೀರು ಹೆಚ್ಚಾದ ಫಲ ಕಾಣಲು ಹತ್ತು-ಹದಿನೈದು ವರ್ಷ ಬೇಕು. ಆ ಹೊತ್ತಿಗೆ ಭೂಮಿ ಸವಳಾಗಿರುತ್ತದೆ. ಕುಂಡದಲ್ಲಿ ಅದೇ ಫಲ ಹದಿನೈದು ದಿನಕ್ಕೆ ಕಾಣುತ್ತದೆ, ನಷ್ಟವೂ ಒಂದು ಬಳ್ಳಿಯಷ್ಟೇ. ಇಷ್ಟು ಅಗ್ಗದ ಪಾಠಶಾಲೆ ಮತ್ತೊಂದು ಸಿಗುವುದಿಲ್ಲ.

ಯಾವುದು ಈ ಬಳ್ಳಿ?

ಫಿಲೊಡೆಂಡ್ರಾನ್ ನಮ್ಮ ಸೀಮೆಯದಲ್ಲ. ಅಮೆರಿಕಾ ಖಂಡದ ಉಷ್ಣ ಕಾಡುಗಳು ಮತ್ತು ವೆಸ್ಟ್ ಇಂಡೀಸ್ ಇದರ ತವರು. ಆಸ್ಟ್ರಿಯಾದ ಸಸ್ಯವಿಜ್ಞಾನಿ ಶಾಟ್ ಎಂಬಾತ 1829ರಲ್ಲಿ ಈ ಹೆಸರಿಟ್ಟ. ಗ್ರೀಕ್ ಮಾತಿನಲ್ಲಿ ಇದರ ಅರ್ಥ 'ಮರವನ್ನು ಪ್ರೀತಿಸುವುದು'. ಇದರಲ್ಲಿ ಐದುನೂರಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹೃದಯದಾಕಾರದ ಎಲೆಯ ಒಂದು ಜಾತಿ, ಅಷ್ಟೇ.

ಊರು ದೂರದ್ದಾದರೂ ಕುಲ ನಮಗೆ ಪರಿಚಯದ್ದೇ. ಕೆಸು, ಸುವರ್ಣಗಡ್ಡೆ ಸೇರಿದ ಕುಟುಂಬದ್ದೇ ಇದು. ನಿಜವಾದ ಮನಿ ಪ್ಲಾಂಟ್ ಕೂಡ ಅದೇ ಕುಟುಂಬದ್ದು, ಆದರೆ ಅದರ ತವರು ಪೆಸಿಫಿಕ್ ಸಾಗರದ ದ್ವೀಪ. ಎರಡನ್ನೂ ಗುರುತಿಸುವುದು ಸುಲಭ. ಫಿಲೊಡೆಂಡ್ರಾನಿನ ಹೊಸ ಎಲೆ ತೆಳ್ಳನೆಯ ಒಂದು ಪೊರೆಯೊಳಗಿಂದ ಹೊರಬರುತ್ತದೆ. ಎಲೆ ಬಿಚ್ಚಿದ ಮೇಲೆ ಆ ಪೊರೆ ಒಣಗಿ ಉದುರುತ್ತದೆ. ಮನಿ ಪ್ಲಾಂಟಿಗೆ ಆ ಪೊರೆ ಇಲ್ಲ, ಹೊಸ ಎಲೆ ಹಳೆ ಎಲೆಯ ತೊಟ್ಟಿನ ಪಕ್ಕದಿಂದಲೇ ಸುರುಳಿ ಬಿಚ್ಚುತ್ತದೆ. ಅದರ ಎಲೆ ದಪ್ಪ, ತೊಟ್ಟಿನ ಮೇಲೆ ಕಾಲುವೆಯಂಥ ಗೆರೆ ಇರುತ್ತದೆ. ಆರೈಕೆ ಮಾತ್ರ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಹೀಗಾಗಿ ನಿಮ್ಮ ಮನೆಯಲ್ಲಿರುವುದು ಯಾವುದಾದರೂ ಮುಂದಿನ ಮಾತು ಅನ್ವಯಿಸುತ್ತದೆ.

ಕಾಡಿನಲ್ಲಿ ಈ ಬಳ್ಳಿ ಹೇಗೆ ಬದುಕುತ್ತದೆ ಎಂಬುದನ್ನು ತಿಳಿದರೆ ಅರ್ಧ ಆರೈಕೆ ತಿಳಿದಂತೆ. ದೊಡ್ಡ ಮರದ ಬುಡದಲ್ಲಿ, ಉದುರಿದ ಎಲೆಯ ಸಡಿಲ ಹಾಸಿನಲ್ಲಿ ಹುಟ್ಟಿ, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ತೊಗಟೆ ಹಿಡಿದು ಮೇಲೇರುತ್ತದೆ. ಎಷ್ಟೋ ಬೇರು ಗಾಳಿಯಲ್ಲೇ ತೂಗುತ್ತಿರುತ್ತವೆ. ಅಲ್ಲಿ ಮಳೆ ಹೆಚ್ಚು, ನಿಜ. ಆದರೆ ಬಿದ್ದ ನೀರು ಬುಡದಲ್ಲಿ ನಿಲ್ಲುವುದಿಲ್ಲ, ಇಳಿದು ಹೋಗುತ್ತದೆ. ಬೇರಿಗೆ ತೇವವೂ ಇದೆ, ಉಸಿರಾಡಲು ಗಾಳಿಯೂ ಇದೆ. ನಮ್ಮ ಎಲೆತೋಟದ ವೀಳ್ಯದ ಬಳ್ಳಿಯ ಸ್ವಭಾವವೂ ಇದೇ ತಾನೆ? ನೆರಳು ಬೇಕು, ತಂಪು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಎಲೆತೋಟ ಮಾಡಿದವರಿಗೆ ಫಿಲೊಡೆಂಡ್ರಾನ್ ಸಾಕುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ತಂಬಿಗೆಯ ಲೆಕ್ಕ

ನಮ್ಮೂರಿನ ಒಬ್ಬ ಅಕ್ಕ ಕೇಳಿದರು: "ದಿನಾ ಮುಂಜಾನೆ ಪೂಜಾ ಆದಮ್ಯಾಗ ಒಂದ ತಂಬಿಗಿ ನೀರ ಹಾಕತೀನ್ರಿ. ಒಂದ ದಿನಾನೂ ತಪ್ಪಿಸಿಲ್ಲ. ಆದ್ರೂ ಎಲಿ ಹಳದಿ ಆಗಿ ಜೋತ ಬಿದ್ದಾವು. ಇನ್ನೂ ನೀರ ಸಾಲವಲ್ದೇನ್ರಿ?"

ಇದಕ್ಕೆ ಒಂದು ಲೆಕ್ಕ ಹಾಕೋಣ. ಕುಂಡದ ಬಾಯಿ ಎಂಟು ಇಂಚು ಅಗಲ. ತಂಬಿಗೆಯಲ್ಲಿ ಒಂದು ಲೀಟರ್ ನೀರು. ಆ ಬಾಯಿಯ ಮೇಲೆ ಒಂದು ಲೀಟರ್ ಸುರಿದರೆ ಸುಮಾರು 31 ಮಿಲಿಮೀಟರ್ ಮಳೆ ಬಿದ್ದಂತೆ. ದಿನಾ ಸುರಿದರೆ ತಿಂಗಳಿಗೆ ಸುಮಾರು 925 ಮಿಲಿಮೀಟರ್. ಗೋಕಾಕ, ಮೂಡಲಗಿ ಕಡೆ ಇಡೀ ವರ್ಷ ಬೀಳುವ ಮಳೆಗಿಂತ ಹೆಚ್ಚು ನೀರನ್ನು ಅಕ್ಕ ಒಂದೇ ತಿಂಗಳಲ್ಲಿ ಸುರಿದಿದ್ದರು! ಅದೂ ಬಿಸಿಲು ತಾಕದ, ಗಾಳಿ ಆಡದ ಪಡಸಾಲೆಯ ಮೂಲೆಯಲ್ಲಿ.

ಮಣ್ಣಿನ ಕಣಕಣಗಳ ನಡುವಿನ ಸಂದಿಯಲ್ಲಿ ಗಾಳಿ ಇರಬೇಕು. ಆ ಸಂದಿಯನ್ನೆಲ್ಲ ನೀರು ತುಂಬಿದರೆ ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ನೀರಿನ ಮೂಲಕ ಆಮ್ಲಜನಕ ಹರಿಯುವ ವೇಗ ಗಾಳಿಯಲ್ಲಿ ಹರಿಯುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಬೇರು ಉಸಿರುಗಟ್ಟಿ ಸಾಯುತ್ತದೆ, ಸತ್ತ ಬೇರಿಗೆ ಕೊಳೆರೋಗ ಹತ್ತುತ್ತದೆ. ಬೇರು ಸತ್ತ ಮೇಲೆ ಸುತ್ತ ಎಷ್ಟು ನೀರಿದ್ದರೂ ಮೇಲಕ್ಕೆ ಏರುವುದಿಲ್ಲ. ಹಾಗಾಗಿ ಎಲೆ ಬಾಡುತ್ತದೆ. ಬಾಡಿದ ಎಲೆ ನೋಡಿ ನಾವು ಮತ್ತೊಂದು ತಂಬಿಗೆ ಸುರಿಯುತ್ತೇವೆ. ಅಲ್ಲಿಗೆ ಅದರ ಕಥೆ ಮುಗಿಯಿತು.

ನೀರಿಲ್ಲದೆಯೂ ಎಲೆ ಬಾಡುತ್ತದೆ, ನೀರು ಹೆಚ್ಚಾದರೂ ಬಾಡುತ್ತದೆ. ನೋಡಲು ಎರಡೂ ಒಂದೇ. ವ್ಯತ್ಯಾಸ ಮಣ್ಣಿನಲ್ಲಿದೆ. ಎಲೆ ಬಾಡಿದೆ, ಮಣ್ಣು ಒಣಗಿದೆ ಎಂದರೆ ನೀರು ಕೊಡಿ, ಸಂಜೆಯೊಳಗೆ ಎದ್ದು ನಿಲ್ಲುತ್ತದೆ. ಎಲೆ ಬಾಡಿದೆ, ಮಣ್ಣು ಹಸಿಯಾಗಿದೆ ಎಂದರೆ ನೀರು ನಿಲ್ಲಿಸಿ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಏರಿ ಗೋಕಾಕ ಪಟ್ಟಣದೊಳಗೇ ನುಗ್ಗಿದ ವರ್ಷ, ನೀರು ನಿಂತ ಹೊಲಗಳ ಗೋವಿನಜೋಳ ನೀರಿನ ನಡುವೆಯೇ ಬಾಡಿ ಹಳದಿಯಾಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಕುಂಡದಲ್ಲಿ ಆಗುವುದೂ ಅದೇ.

ಹದ ನೋಡುವ ವಿಧಾನ

ಬಿತ್ತುವ ಮುಂಚೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡುವುದು ನಮಗೆ ಹಿರಿಯರಿಂದ ಬಂದ ವಿದ್ಯೆ. ಅದನ್ನೇ ಇಲ್ಲಿ ಬಳಸಿ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣೊಳಗೆ ಇಳಿಸಿ. ಬೆರಳಿಗೆ ಮಣ್ಣು ಅಂಟಿ ತಣ್ಣಗೆನಿಸಿದರೆ ನೀರು ಬೇಡ. ಒಣಗಿ ಪುಡಿಪುಡಿಯಾಗಿದ್ದರೆ ಕೊಡಿ. ಮತ್ತೊಂದು ಉಪಾಯ, ಕುಂಡವನ್ನು ಎತ್ತಿ ನೋಡುವುದು. ನೀರು ಕೊಟ್ಟ ದಿನ ಎಷ್ಟು ಭಾರ, ಒಣಗಿದಾಗ ಎಷ್ಟು ಹಗುರ ಎಂಬುದು ಎರಡು-ಮೂರು ಸಲಕ್ಕೆ ಕೈಗೇ ಗೊತ್ತಾಗುತ್ತದೆ.

ಕೊಡುವಾಗ ಕೈ ಬಿಗಿ ಹಿಡಿಯಬೇಡಿ. ತಳದ ತೂತಿನಿಂದ ನೀರು ಇಳಿಯುವವರೆಗೆ ಕೊಡಿ. ಅರ್ಧ ಗಂಟೆ ಬಿಟ್ಟು ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಆಮೇಲೆ ಮತ್ತೆ ಹದ ಆರುವವರೆಗೆ ಮುಟ್ಟಬೇಡಿ. ದಿನಾ ಸ್ವಲ್ಪಸ್ವಲ್ಪ ಚಿಮುಕಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಮೇಲ್ಮಣ್ಣು ಸದಾ ಹಸಿ, ಕೆಳಗೆ ಏನಾಗಿದೆ ಎಂಬುದು ಕಾಣುವುದಿಲ್ಲ.

ಎಷ್ಟು ದಿನಕ್ಕೊಮ್ಮೆ? ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ, ಇರಲೂಬಾರದು. ನಮ್ಮ ಮನೆಯಲ್ಲಿ ಏಪ್ರಿಲ್-ಮೇ ಸುಡುಬಿಸಿಲಿಗೆ ಮೂರು-ನಾಲ್ಕು ದಿನಕ್ಕೆ ಒಮ್ಮೆ ಬೇಕಾಗುತ್ತದೆ. ಮಳೆಗಾಲದ ಮೋಡದ ದಿನಗಳಲ್ಲಿ ವಾರ ದಾಟುತ್ತದೆ. ಡಿಸೆಂಬರ್-ಜನವರಿ ಚಳಿಯಲ್ಲಿ ಬಳ್ಳಿಯ ಬೆಳವಣಿಗೆಯೇ ನಿಂತಂತಿರುತ್ತದೆ, ಆಗ ಹತ್ತು-ಹನ್ನೆರಡು ದಿನ ನಡೆಯುತ್ತದೆ. ನಿಮ್ಮ ಮನೆ ತಗಡಿನದೋ, ಆರ್‌ಸಿಸಿಯದೋ, ಕುಂಡ ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಎಂಬುದರ ಮೇಲೆ ಇದು ಬದಲಾಗುತ್ತದೆ. ಕ್ಯಾಲೆಂಡರ್ ನೋಡಬೇಡಿ, ಬೆರಳು ಇಳಿಸಿ ನೋಡಿ.

ಎರಿ ಮಣ್ಣು ಕುಂಡಕ್ಕಲ್ಲ

ಹೊಲದಲ್ಲಿ ಚಿನ್ನದಂಥ ಎರಿ ಮಣ್ಣು ಕುಂಡದಲ್ಲಿ ವೈರಿ. ಹಸಿಯಾದರೆ ಉಬ್ಬಿ ಸಂದಿ ಮುಚ್ಚುತ್ತದೆ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಬಿರುಕಿನಲ್ಲಿ ನೀರು ಸರ್ರನೆ ಇಳಿದು ಹೋಗುತ್ತದೆ, ನಡುವಿನ ಹೆಂಟೆ ಒಣಗಿಯೇ ಉಳಿಯುತ್ತದೆ.

ನಾನು ಬಳಸುವ ಮಿಶ್ರಣ ಹೀಗಿದೆ: ಮಸಾರಿ ಮಣ್ಣು ಒಂದು ಪಾಲು, ಪೂರ್ತಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಚೂರು, ಇಟ್ಟಂಗಿಯ ಹರಳು, ಇದ್ದಿಲ ಚೂರು ಎಲ್ಲ ಸೇರಿ ಎರಡು ಪಾಲು. ಕಬ್ಬಿನ ರವದಿ ಕಳಿಸಿದವರಿದ್ದರೆ ತಿಪ್ಪೆಗೊಬ್ಬರದ ಬದಲು ಅದೇ ಆದೀತು. ರವದಿಗೆ ಬೆಂಕಿ ಹಚ್ಚುವ ಮುಂಚೆ ಒಂದು ಬುಟ್ಟಿಯಷ್ಟಾದರೂ ಕುಂಡಕ್ಕೆಂದು ಎತ್ತಿಡಿ, ಅದರ ಬೆಲೆ ಏನೆಂದು ಕಾಣುತ್ತದೆ. ಕಾಡಿನ ನೆಲದ ಎಲೆಹಾಸಿಗೆ ನಮ್ಮಲ್ಲಿ ಸಿಗುವ ಹತ್ತಿರದ ವಸ್ತು ಅದೇ.

ಕುಂಡದ ತಳಕ್ಕೆ ತೂತು ಇರಲೇಬೇಕು. ನೋಡಲು ಚೆಂದ ಎಂದು ತೂತಿಲ್ಲದ ಚೀನಿ ಪಾಟು ತಂದರೆ ಅದರೊಳಗೆ ತೂತಿನ ಸಣ್ಣ ಡಬ್ಬಿ ಇಟ್ಟು ನೆಡಿ. ಐದು ಲೀಟರಿನ ಎಣ್ಣೆ ಕ್ಯಾನು ಕತ್ತರಿಸಿ ತಳಕ್ಕೆ ನಾಲ್ಕಾರು ತೂತು ಹಾಕಿದರೂ ಸಾಕು. ಆದರೆ ಔಷಧಿಯ ಡಬ್ಬಿ ಮಾತ್ರ ಬೇಡ, ಎಷ್ಟು ತೊಳೆದರೂ ಬೇಡ. ಕುಂಡ ಬಳ್ಳಿಯ ಬೇರಿಗಿಂತ ಬಹಳ ದೊಡ್ಡದಾಗಿರಬಾರದು. ಬೇರು ಮುಟ್ಟದ ಮಣ್ಣಿನಲ್ಲಿ ನೀರು ಹಾಗೇ ನಿಂತು ಹುಳಿಯುತ್ತದೆ.

ಬೆಳಕಿನ ವಿಷಯ. ಕಾಡಿನಲ್ಲಿ ಮರದ ನೆರಳಿನಲ್ಲಿದ್ದ ಬಳ್ಳಿ ನಮ್ಮ ನೆತ್ತಿಯ ಬಿಸಿಲು ತಡೆಯದು, ಎಲೆ ಸುಟ್ಟು ಕಲೆ ಬೀಳುತ್ತದೆ. ಕತ್ತಲೆ ಮೂಲೆಯಲ್ಲಿಟ್ಟರೆ ಗೆಣ್ಣು ಉದ್ದುದ್ದವಾಗಿ, ಎಲೆ ಸಣ್ಣದಾಗಿ ಸೊರಗುತ್ತದೆ. ಮೂಡಣ ಅಥವಾ ಬಡಗಣ ಕಿಟಕಿಯ ಹತ್ತಿರ, ಹಗಲು ದೀಪ ಹಚ್ಚದೆ ಪೇಪರ್ ಓದುವಷ್ಟು ಬೆಳಕಿರುವಲ್ಲಿ ಇಡಿ. ಬೇಸಿಗೆಯಲ್ಲಿ ತಗಡಿಗೆ ಹತ್ತಿರ, ಅಟ್ಟದ ಮೇಲೆ ಬೇಡ. ಚಳಿಗಾಲದ ಮೂಡಗಾಳಿ ನೇರ ಬಡಿಯುವ ಬಾಗಿಲಲ್ಲೂ ಬೇಡ. ತೆಂಗಿನ ಹಗ್ಗ ಬಿಗಿಯಾಗಿ ಸುತ್ತಿದ ಒಂದು ಕೋಲು ಊರಿ ಬಳ್ಳಿಯನ್ನು ಏರಿಸಿದರೆ ಎಲೆ ದೊಡ್ಡದಾಗುತ್ತದೆ. ಏರುವುದು ಅದರ ಹುಟ್ಟುಗುಣ.

ಕುಂಡದ ಸವಳು

ಇನ್ನೊಂದು ಸಂಗತಿಯನ್ನು ನಮ್ಮವರು ಹೆಚ್ಚಾಗಿ ಗಮನಿಸುವುದಿಲ್ಲ. ಬೋರಿನ ನೀರು ಹಾಕುವ ಮನೆಗಳಲ್ಲಿ ಆರು ತಿಂಗಳಲ್ಲಿ ಮಣ್ಣಿನ ಮೇಲೆ, ಕುಂಡದ ಅಂಚಿಗೆ ಬಿಳಿ ಪುಡಿ ಕೂರುತ್ತದೆ. ಎಲೆಯ ತುದಿ ಕಂದಾಗಿ ಒಣಗುತ್ತದೆ. "ಸುಣ್ಣ ಬಿದ್ದಿರಬೇಕು" ಎಂದು ಒರೆಸಿ ಬಿಡುತ್ತಾರೆ. ಅದು ಉಪ್ಪು. ನೀರಿನ ಜೊತೆ ಬಂದ ಉಪ್ಪು. ನೀರು ಆವಿಯಾಗಿ ಹೋಯಿತು, ಉಪ್ಪು ಹೋಗಲಿಲ್ಲ.

ಈ ಬಿಳಿ ಪುಡಿಯನ್ನು ನೀವು ಬೇರೆ ಎಲ್ಲೂ ನೋಡಿಲ್ಲವೆ? ಕಾಲುವೆ ಕೆಳಗಿನ ತಗ್ಗಿನ ಹೊಲಗಳಿಗೆ ಬೇಸಿಗೆಯಲ್ಲಿ ಹೋಗಿ ನೋಡಿ. ಧೂಪದಾಳದ ಒಡ್ಡು 1897ರದ್ದು. ಆಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ 51 ಟಿಎಂಸಿಯ ಜಲಾಶಯ ಎದ್ದಿತು. ಘಟಪ್ರಭೆಯ ನೀರು ಬಂತು, ಮಳೆ ನಂಬಿದ ಜೋಳದ ಹೊಲ ಕಬ್ಬಿನ ಗದ್ದೆಯಾಯಿತು, ನಮ್ಮ ಮನೆಗಳು ಎದ್ದು ನಿಂತವು. ಇದನ್ನು ಮರೆತು ಮಾತಾಡುವುದು ಕೃತಘ್ನತೆ. ಆದರೆ ನೀರು ಬಂದಷ್ಟು ಸಲೀಸಾಗಿ ಬಸಿದು ಹೋಗುವ ದಾರಿಯನ್ನು ನಾವು ಮಾಡಿಕೊಳ್ಳಲಿಲ್ಲ. ಹಾಯಿಸಿದ ನೀರು ಇಳಿದು, ನೆಲದಡಿಯ ನೀರು ಮೇಲೆ ಬಂದು, ಅದರ ಜೊತೆ ಉಪ್ಪೂ ಏರಿ, ನೀರು ಬಿಸಿಲಿಗೆ ಆರಿ, ಉಪ್ಪು ಮೇಲೆ ಉಳಿಯಿತು. ಸವಳು-ಜವಳು ಎಂದು ನಾವು ಕರೆಯುವುದು ಇದನ್ನೇ. ಬೀಜ ಹುಟ್ಟದ ಆ ಬಿಳಿ ನೆಲಕ್ಕೂ, ಕುಂಡದ ಅಂಚಿನ ಬಿಳಿ ಪುಡಿಗೂ ಕಾರಣ ಒಂದೇ.

ಕುಂಡಕ್ಕೆ ಪರಿಹಾರ ಸುಲಭ. ಮಳೆಗಾಲದ ಒಂದು ಜಿನುಗು ಮಳೆಯ ದಿನ ಕುಂಡವನ್ನು ಅಂಗಳಕ್ಕೆ ಇಡಿ. ಮಳೆನೀರು ಮೇಲಿಂದ ಇಳಿದು ತಳದಿಂದ ಹರಿದು ಉಪ್ಪನ್ನು ತೊಳೆದುಕೊಂಡು ಹೋಗಲಿ. ಬೇಸಿಗೆಯಲ್ಲಾದರೆ ಮೇಲಿನ ಒಂದು ಇಂಚು ಮಣ್ಣು ತೆಗೆದು ಹೊಸದು ಹಾಕಿ, ಸಿಹಿನೀರು ಸಿಕ್ಕಾಗ ಕುಂಡದ ಮೂರು ಪಟ್ಟು ನೀರು ಹಾಯಿಸಿ ಬಸಿಯಲು ಬಿಡಿ. ಆದರೆ ಗಮನಿಸಿ, ತೂತಿಲ್ಲದ ಕುಂಡಕ್ಕೆ ಇದನ್ನು ಮಾಡಿದರೆ ಉಪ್ಪು ಎಲ್ಲಿಗೂ ಹೋಗುವುದಿಲ್ಲ, ಬಳ್ಳಿ ಮುಳುಗಿ ಸಾಯುತ್ತದೆ. ತೊಳೆಯುವ ನೀರಿಗಿಂತ ಬಸಿಯುವ ದಾರಿ ಮುಖ್ಯ.

ಗೊಬ್ಬರ, ಔಷಧಿ: ಹೊಲದ ಚಟ ಮನೆಗೆ ಬೇಡ

"ಎಲಿ ಹಳದಿ ಆಗ್ಯಾವು, ಒಂದ ಹಿಡಿ ಯೂರಿಯಾ ಒಗೀರಿ" ಎನ್ನುವ ಸಲಹೆ ಎಲ್ಲ ಊರಲ್ಲೂ ಪುಕ್ಕಟೆ ಸಿಗುತ್ತದೆ. ಇದಕ್ಕೂ ಒಂದು ಲೆಕ್ಕ. ಕುಂಡದಲ್ಲಿ ಐದು ಕಿಲೋ ಮಣ್ಣು, ಒಂದು ಹಿಡಿಯೆಂದರೆ 50 ಗ್ರಾಂ. ನೂರಕ್ಕೆ ಒಂದು ಪಾಲು. ಒಂದು ಎಕರೆಯ ಅರ್ಧ ಅಡಿ ಆಳದ ಮಣ್ಣು ಸುಮಾರು ಎಂಟು ಲಕ್ಷ ಕಿಲೋ ತೂಗುತ್ತದೆ. ಅದೇ ಪ್ರಮಾಣದಲ್ಲಿ ಹಾಕಿದರೆ ಎಕರೆಗೆ ಎಂಟು ಸಾವಿರ ಕಿಲೋ, ಅಂದರೆ 45 ಕಿಲೋದ 170ಕ್ಕೂ ಹೆಚ್ಚು ಚೀಲ! ಯಾವ ಬೆಳೆ ಉಳಿದೀತು? ಈ ಬಳ್ಳಿಗೆ ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು, ಅದೂ ಚಿಗುರುವ ಕಾಲದಲ್ಲಿ. ಚಳಿಯಲ್ಲಿ ಏನೂ ಬೇಡ.

ಬೇಸಿಗೆಯ ಒಣಹವೆಗೆ ಎಲೆಯಡಿ ನುಸಿ ಬರಬಹುದು, ಸಣ್ಣ ಬಲೆಯಂತೆ ಕಾಣುತ್ತದೆ. ಗೆಣ್ಣಿನ ಸಂದಿಯಲ್ಲಿ ಬಿಳಿ ಹಿಟ್ಟು ತಿಗಣೆ ಕೂರಬಹುದು. ಒದ್ದೆ ಬಟ್ಟೆಯಲ್ಲಿ ಎಲೆಯ ಎರಡೂ ಬದಿ ಒರೆಸಿದರೆ ಅರ್ಧ ಹೋಗುತ್ತವೆ. ಉಳಿದದ್ದಕ್ಕೆ ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ, ಸ್ವಲ್ಪ ಸಾಬೂನು ನೀರು ಬೆರೆಸಿ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಹೊಲಕ್ಕೆ ಹೊಡೆದು ಉಳಿದ ಔಷಧಿಯನ್ನು ಪಡಸಾಲೆಯ ಬಳ್ಳಿಗೆ ಹೊಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲೇ ತೊಟ್ಟಿಲು ಇತ್ತು, ಅಲ್ಲೇ ಊಟದ ತಾಟು ಇತ್ತು. ದಯವಿಟ್ಟು ಇದನ್ನು ಮಾಡಬೇಡಿ. ಒಂದು ಬಳ್ಳಿ ಸತ್ತರೆ ಸಾಯಲಿ, ಮುಚ್ಚಿದ ಮನೆಯೊಳಗೆ ವಿಷ ಬೇಡ.

ಮಗು, ಕರು, ಸೊಳ್ಳೆ

ಹಸಿ ಕೆಸು ತಿಂದರೆ ಬಾಯಿ, ಗಂಟಲು ತುರಿಸುವುದು ಎಲ್ಲರಿಗೂ ಗೊತ್ತು. ಅದಕ್ಕೇ ಕೆಸುವಿನೆಲೆಯ ವಡಿಗೆ ಹುಣಸೆಹುಳಿ ಬೀಳುತ್ತದೆ. ಫಿಲೊಡೆಂಡ್ರಾನಿನ ಎಲೆ, ಕಾಂಡದಲ್ಲೂ ಅದೇ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಇದನ್ನು ಹುಳಿ ಹಾಕಿ ಬೇಯಿಸಿಯೂ ತಿನ್ನುವಂತಿಲ್ಲ. ಅಂಬೆಗಾಲಿಡುವ ಮಕ್ಕಳ ಕೈಗೆ ಎಟುಕದಂತೆ ಎತ್ತರದಲ್ಲಿಡಿ. ಮಗು ಜಗಿದರೆ ಬಾಯಿ ತೊಳೆದು ನೀರೋ ಹಾಲೋ ಕುಡಿಸಿ, ನಾಲಿಗೆ-ತುಟಿ ಊದಿದರೆ, ಉಸಿರಿಗೆ ತೊಂದರೆಯಾದರೆ ತಡಮಾಡದೆ ದವಾಖಾನೆಗೆ ಒಯ್ಯಿರಿ. ಸವರಿದ ಬಳ್ಳಿಯನ್ನು ಆಡು-ಕರುಗಳ ಗೋದಲಿಗೆ ಹಾಕಬೇಡಿ, ತಿಪ್ಪೆಯಲ್ಲಿ ಮುಚ್ಚಿ. ಸವರಿದ ಕೈಯನ್ನು ತೊಳೆಯದೆ ಕಣ್ಣಿಗೆ ಮುಟ್ಟಿಸಬೇಡಿ.

ಬಾಟಲಿಯ ನೀರಿನಲ್ಲಿ ಬಳ್ಳಿ ಇಡುವ ರೂಢಿ ಉಂಟು. ಇಡಿ, ಬದುಕುತ್ತದೆ. ಆದರೆ ಆ ನೀರನ್ನೂ ಕುಂಡದ ತಟ್ಟೆಯ ನೀರನ್ನೂ ವಾರದೊಳಗೆ ಚೆಲ್ಲಿ, ಒಳಗೋಡೆ ತಿಕ್ಕಿ ತೊಳೆಯಲೇಬೇಕು. ಡೆಂಗಿ ಹರಡುವ ಸೊಳ್ಳೆ ಇಂಥ ಸ್ವಚ್ಛ ನಿಂತ ನೀರಿನಲ್ಲೇ ಮೊಟ್ಟೆ ಇಡುವುದು.

ದುಡ್ಡು ಕೊಟ್ಟು ಕೊಳ್ಳಬೇಕೆ?

ಬೇಡ ಎಂಬುದು ನನ್ನ ಉತ್ತರ. ಕಬ್ಬಿನ ಬೀಜ ಕಡಿಯಲು ಬರುವ ಯಾರಿಗೂ ಇದರ ಸಸಿ ಮಾಡಲು ಬರುತ್ತದೆ. ಎರಡು ಗೆಣ್ಣು ಇರುವ ತುಂಡು ಕಡಿಯಿರಿ. ಕೆಳಗಿನ ಗೆಣ್ಣಿನ ಎಲೆ ಚಿವುಟಿ, ಆ ಗೆಣ್ಣು ಮುಚ್ಚುವಷ್ಟು ಹಸಿ ಮಿಶ್ರಣದಲ್ಲಿ ಊರಿ. ನೆರಳಿನಲ್ಲಿ ಮೂರು-ನಾಲ್ಕು ವಾರಕ್ಕೆ ಬೇರು ಹಿಡಿಯುತ್ತದೆ. ಬರೀ ಎಲೆ ನೆಟ್ಟರೆ ಬಳ್ಳಿಯಾಗುವುದಿಲ್ಲ, ಕಣ್ಣು ಬೇಕು. ಕಬ್ಬಿನಲ್ಲೂ ಇದೇ ತಾನೆ ನಿಯಮ? ಪಕ್ಕದ ಮನೆಯ ಅಕ್ಕಾರನ್ನು ಒಂದು ತುಂಡು ಕೇಳಿ, ನಿಮ್ಮದು ಬೆಳೆದಾಗ ಇನ್ನೊಬ್ಬರಿಗೆ ಕೊಡಿ.

ಮಾರುವವರು ಹೇಳುವ ಎರಡು ಮಾತು ನಂಬಬೇಡಿ. ಮೊದಲನೆಯದು, ಈ ಗಿಡ ಮನೆಯ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬುದು. ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ಮಾಡಿದ ಪರೀಕ್ಷೆಯಿಂದ ಹುಟ್ಟಿದ ಮಾತಿದು. ಹಳೆಯ ಪರೀಕ್ಷೆಗಳನ್ನೆಲ್ಲ 2019ರಲ್ಲಿ ಒಟ್ಟುಗೂಡಿಸಿ ಲೆಕ್ಕ ಹಾಕಿದ ವಿಜ್ಞಾನಿಗಳು ಹೇಳಿದ್ದು, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿಯಷ್ಟು ಕೆಲಸ ಮಾಡಲು ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು ಎಂದು. ಗಾಳಿ ಬೇಕೆಂದರೆ ಕಿಟಕಿ ತೆಗೆಯಿರಿ, ಒಲೆಯ ಹೊಗೆಗೆ ದಾರಿ ಮಾಡಿ.

ಎರಡನೆಯದು, ಅಪರೂಪದ ಜಾತಿ ತಂದು ಬೆಳೆಸಿದರೆ ಲಕ್ಷ ಬರುತ್ತದೆ ಎಂಬುದು. ನ್ಯೂಜಿಲ್ಯಾಂಡಿನಲ್ಲಿ 2021ರ ಜೂನ್‌ನಲ್ಲಿ ಇದೇ ಕುಟುಂಬದ, ಬಿಳಿ ಪಟ್ಟೆಯ ಒಂಬತ್ತು ಎಲೆಗಳಿದ್ದ ಒಂದು ಗಿಡ ಅಲ್ಲಿನ 27,100 ಡಾಲರಿಗೆ ಹರಾಜಾಯಿತು. ಕೇಳಲು ರೋಚಕ. ಆದರೆ ಒಂದು ಗೆಣ್ಣಿನಿಂದ ಒಂದು ಗಿಡ ಆಗುವ ಬಳ್ಳಿಯ ಬೆಲೆ ಎಷ್ಟು ದಿನ ಮೇಲೆ ನಿಂತೀತು? ಊತಕ ಕೃಷಿಯ ಪ್ರಯೋಗಾಲಯಗಳು ಕೈ ಹಾಕಿದ ಮೇಲಂತೂ ಕೇಳುವುದೇ ಬೇಡ. ಮಲೆನಾಡು, ಕರಾವಳಿಯ ನಮ್ಮ ರೈತ ಬಂಧುಗಳು ವೆನಿಲಾದಲ್ಲಿ ಇದನ್ನು ಕಂಡಿದ್ದಾರೆ. 2003-04ರ ಹೊತ್ತಿಗೆ ಹಸಿ ಕೋಡು ಕಿಲೋಗೆ ಮೂರು ಸಾವಿರ ದಾಟಿತ್ತು, ಬಳ್ಳಿಯ ತುಂಡಿಗೇ ಮುಗಿಬೀಳುತ್ತಿದ್ದರು. ಕೆಲವೇ ವರ್ಷದಲ್ಲಿ ಬೆಲೆ ನೂರರ ಆಸುಪಾಸಿಗೆ ಬಂತು. ನಾಲ್ಕು ಕುಂಡ ಮಾಡಿ ಸಂತೆಯಲ್ಲಿ ಮಾರಿ ಕೈಖರ್ಚು ಮಾಡಿಕೊಳ್ಳುವ ಹೆಣ್ಣುಮಕ್ಕಳಿಗೆ ನನ್ನ ತಕರಾರಿಲ್ಲ. ಸಾಲ ಮಾಡಿ ನೆರಳುಮನೆ ಕಟ್ಟುವವರು ಮಾತ್ರ ಎರಡು ಸಲ ಯೋಚಿಸಲಿ.

ಕುಂಡದಿಂದ ಹೊಲಕ್ಕೆ

ಹಾಗಾದರೆ ಈ ಬಳ್ಳಿಯಿಂದ ಸಣ್ಣ ರೈತನಿಗೆ ಏನು ಲಾಭ? ಹಸಿರು ನೋಡಿ ಮನಸ್ಸಿಗೆ ಹಿತ, ಅದೂ ಲಾಭವೇ. ಅದಕ್ಕಿಂತ ದೊಡ್ಡದು, ನೀರು ಕೊಡದೆ ಇರುವುದನ್ನು ಕೈ ಕಲಿಯುತ್ತದೆ. ಕಾಲುವೆಯ ಪಾಳಿ ಬಂದ ರಾತ್ರಿ ನಮ್ಮ ತಲೆಯಲ್ಲಿ ಓಡುವ ಮಾತು ಒಂದೇ: "ಬಂದಾಗ ಬಿಟ್ಟಕೋಬೇಕು, ಮುಂದಿನ ಪಾಳಿ ಯಾರ ಕಂಡಾರ?" ಈ ಭಯ ಸುಳ್ಳಲ್ಲ. ಪಾಳಿ ನಿಗದಿತ ದಿನಕ್ಕೆ ಬರುತ್ತದೆಂಬ ಭರವಸೆ ಇಲ್ಲದಿದ್ದಾಗ ರೈತ ಹದ ನೋಡುವುದಿಲ್ಲ, ಹೊಟ್ಟೆಬಾಕನಂತೆ ಹಾಯಿಸುತ್ತಾನೆ. ಹಾಗಾಗಿ ತಪ್ಪನ್ನೆಲ್ಲ ರೈತನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಸ್ವಂತ ಬೋರು, ಸ್ವಂತ ಮೋಟಾರು ಇದ್ದವರೂ ಕರೆಂಟು ಇದ್ದಷ್ಟು ಹೊತ್ತೂ ಹಾಯಿಸುತ್ತಾರಲ್ಲ, ಅವರಿಗೆ ಯಾವ ಪಾಳಿಯ ಭಯ? ಅದು ಬರೀ ರೂಢಿ. ರೂಢಿಯನ್ನು ರೈತನೇ ಬದಲಿಸಬೇಕು.

ಕುಂಡಕ್ಕೂ ಹೊಲಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಕುಂಡದ ತಟ್ಟೆಯ ನೀರನ್ನು ನಾನೊಬ್ಬನೇ ಚೆಲ್ಲಬಲ್ಲೆ. ನನ್ನ ಹೊಲದ ಬಸಿನೀರು ಕೆಳಗಿನವನ ಹೊಲಕ್ಕೆ ಇಳಿಯುತ್ತದೆ, ಮೇಲಿನವನದು ನನ್ನ ಹೊಲಕ್ಕೆ. ತೂತಿನ ಪೈಪು ಹೂಳಿಸಿದರೂ ಕೊನೆಗೆ ಅದು ಹಳ್ಳ ಸೇರುವ ದಾರಿ ಬೇಕು. ಆ ದಾರಿ ಹತ್ತಾರು ಜನರ ಬದುವು ದಾಟಬೇಕು. ಮುಚ್ಚಿಹೋದ ಬಸಿಗಾಲುವೆ, ಒತ್ತಿ ಉತ್ತ ಹಳ್ಳ ಬಿಡಿಸದೆ ಯಾವ ಜಿಪ್ಸಂ ಹಾಕಿದರೂ ಅದು ತೂತಿಲ್ಲದ ಕುಂಡ ತೊಳೆದಂತೆ. ಇದು ಒಬ್ಬನ ಕೆಲಸವಲ್ಲ. ನೀರು ಬಳಕೆದಾರರ ಸಂಘಗಳಲ್ಲಿ ನೀರು ಬಿಡುವ ಚರ್ಚೆ ನಡೆದಷ್ಟು ನೀರು ಬಸಿಯುವ ಚರ್ಚೆಯೂ ನಡೆಯಬೇಕು. ಕಬ್ಬಿನ ಬಾಕಿ ಕೇಳಲು ಒಟ್ಟಾಗುವ ನಾವು ಬಸಿಗಾಲುವೆ ಹೂಳು ತೆಗೆಸಲು ಯಾಕೆ ಒಟ್ಟಾಗುವುದಿಲ್ಲ?

ಮಕ್ಕಳಿರುವ ಮನೆಯವರಿಗೆ ಒಂದು ವಿನಂತಿ. ಒಂದೇ ಬಳ್ಳಿಯ ಎರಡು ತುಂಡುಗಳನ್ನು ಎರಡು ಡಬ್ಬಿಯಲ್ಲಿ ನೆಡಿಸಿ. ಒಂದಕ್ಕೆ ತೂತು ಹಾಕಿ, ಇನ್ನೊಂದಕ್ಕೆ ಹಾಕಬೇಡಿ. ಎರಡಕ್ಕೂ ಮಕ್ಕಳ ಕೈಯಿಂದಲೇ ದಿನಾ ಒಂದೇ ಅಳತೆಯ ನೀರು ಹಾಕಿಸಿ. ತಿಂಗಳಾದ ಮೇಲೆ ಎರಡನ್ನೂ ಕಿತ್ತು ಬೇರು ತೋರಿಸಿ, ಮೂಸಿ ನೋಡಲು ಹೇಳಿ. ಬೆಳ್ಳಗೆ ಗಟ್ಟಿಯಾದ ಬೇರು ಯಾವುದು, ಕಂದಾಗಿ ಕೊಳೆತು ನಾರುವ ಬೇರು ಯಾವುದು ಎಂದು ಅವರೇ ಹೇಳುತ್ತಾರೆ. ಮರುದಿನ ಅವರನ್ನು ಹೊಲಕ್ಕೆ ಕರೆದೊಯ್ದು ಬಸಿಗಾಲುವೆ ಎಲ್ಲಿತ್ತು, ಈಗ ಏನಾಗಿದೆ ಎಂದು ತೋರಿಸಿ. ನಾಳೆ ಆ ಹೊಲ ಉಳುವವರು ಅವರೇ.

ನಿಮ್ಮ ಮನೆಯ ಬಳ್ಳಿ ಹೇಗಿದೆ, ನಿಮ್ಮ ಹೊಲದ ಸವಳಿಗೆ ಏನು ಮಾಡಿದ್ದೀರಿ, ಬರೆದು ತಿಳಿಸಿ. ಒಬ್ಬರ ಅನುಭವ ಇನ್ನೊಬ್ಬರ ಎಕರೆ ಉಳಿಸೀತು.